ಕೆಲಸಗಾರರೋ, ಗುಲಾಮರೋ?

2015ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹೈಸ್ಕೂಲ್ ಹುಡುಗನೊಬ್ಬ ತನ್ನ ಪಠ್ಯಪುಸ್ತಕದ ಒಂದು ಪುಟದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ. ವಲಸೆಯ ಕುರಿತಾದ ಆ ಪುಟದಲ್ಲಿ, ಆಫ್ರಿಕಾದಿಂದ ದಶಲಕ್ಷಗಟ್ಟಲೆ 'ಕೆಲಸಗಾರರನ್ನು' ತೋಟಗಳಿಗೆ ತರಲಾಯಿತು ಎಂದಿತ್ತು. ತಾಯಿ ಅದನ್ನು ಜಾಲತಾಣದಲ್ಲಿ ಹಾಕಿದರು. ದೊಡ್ಡ ಗದ್ದಲವಾಯಿತು. ಕೊನೆಗೆ ಪ್ರಕಾಶಕರು ಆ ಸಾಲನ್ನು ತಿದ್ದಲು ಒಪ್ಪಿದರು.

ಒಂದು ಪದ ತಾನೇ, ಅಷ್ಟಕ್ಕೆ ಯಾಕೆ ಇಷ್ಟು ರಾದ್ಧಾಂತ ಅಂತ ಯಾರಾದರೂ ಕೇಳಬಹುದು. ನೋಡಿ, ಕೆಲಸಗಾರನಿಗೆ ಕೂಲಿ ಇರುತ್ತದೆ, ಬೇಡವೆನಿಸಿದರೆ ಬಿಟ್ಟುಹೋಗುವ ದಾರಿ ಇರುತ್ತದೆ. ಗುಲಾಮನಿಗೆ ಎರಡೂ ಇರಲಿಲ್ಲ. ಗುಲಾಮ ಹೆಣ್ಣು ಹೆತ್ತ ಮಗುವೂ ಧಣಿಯ ಸೊತ್ತೇ. ಪದ ಬದಲಾದರೆ ಅಪರಾಧವೇ ಮಾಯವಾಗುತ್ತದೆ.

ಈ ಜಾಣತನ ಹೊಸದಲ್ಲ. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದಲ್ಲೂ 'ಗುಲಾಮ' ಎಂಬ ಪದ ಇರಲಿಲ್ಲ. ಆದರೆ ಐವರು ಗುಲಾಮರನ್ನು ಮೂವರೆಂದು ಎಣಿಸುವ ಲೆಕ್ಕ ಅದರಲ್ಲಿತ್ತು. 1860ರ ಹೊತ್ತಿಗೆ ಆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆಮೇಲೆ ಜಗಳ ಶಾಲೆಯ ಪುಸ್ತಕಗಳಿಗೆ ಬಂತು. ಸೋತ ದಕ್ಷಿಣದ ಪರವಾಗಿ ಮಿಲ್ಡ್ರೆಡ್ ರುದರ್‌ಫರ್ಡ್ ಎಂಬ ಮಹಿಳೆ ಪಠ್ಯಪುಸ್ತಕಗಳನ್ನು ಅಳೆಯುವುದಕ್ಕೆಂದೇ ಒಂದು ಕಿರುಪುಸ್ತಕ ತಂದರು. ಗುಲಾಮರನ್ನು ಉಳಿಸಿಕೊಳ್ಳಲು ದಕ್ಷಿಣ ಯುದ್ಧ ಮಾಡಿತು ಎನ್ನುವ ಪುಸ್ತಕವನ್ನು ತಿರಸ್ಕರಿಸಿ ಎಂಬುದು ಅದರ ಸಲಹೆ. ಇದಕ್ಕೆ ಎದುರಾಗಿ ಕಾರ್ಟರ್ ವುಡ್ಸನ್ 1926ರಲ್ಲಿ ಕರಿಯರ ಇತಿಹಾಸಕ್ಕಾಗಿ ಒಂದು ವಾರವನ್ನು ಮೀಸಲಿಟ್ಟರು. ಅದೇ ಮುಂದೆ ಒಂದು ತಿಂಗಳ ಆಚರಣೆಯಾಯಿತು. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಪಠ್ಯಕ್ರಮ ಇಲ್ಲ. ಏನು ಕಲಿಸಬೇಕೆಂದು ರಾಜ್ಯಗಳೇ ನಿರ್ಧರಿಸುತ್ತವೆ. ಹಾಗಾಗಿ ಈ ಜಗಳ ಇವತ್ತಿಗೂ ಮುಗಿದಿಲ್ಲ.

ಇಂಥ ತರಗತಿಗೆ ಹೇಳಿ ಮಾಡಿಸಿದಂಥ ಒಂದು ದಾಖಲೆ ಇದೆ. ಉಮರ್ ಇಬ್ನ್ ಸಯೀದ್ ಈಗಿನ ಸೆನೆಗಲ್ ಕಡೆಯ ವಿದ್ವಾಂಸ. ವರ್ಷಗಟ್ಟಲೆ ಓದಿದವನು. 1807ರಲ್ಲಿ ಅವನನ್ನು ಹಿಡಿದು ಹಡಗಿಗೆ ಹಾಕಿ ಚಾರ್ಲ್ಸ್‌ಟನ್‌ನಲ್ಲಿ ಮಾರಿದರು. ಕ್ರೂರ ಯಜಮಾನನಿಂದ ತಪ್ಪಿಸಿಕೊಂಡು ಓಡಿದ, ಸಿಕ್ಕಿಬಿದ್ದ, ಜೈಲಿನ ಗೋಡೆಯ ಮೇಲೆ ಅರಬ್ಬಿಯಲ್ಲಿ ಬರೆದ. 1831ರಲ್ಲಿ ತನ್ನ ಬದುಕಿನ ಕತೆಯನ್ನು ಅರಬ್ಬಿಯಲ್ಲೇ 15 ಪುಟಗಳಲ್ಲಿ ಬರೆದಿಟ್ಟ. ಆರಂಭ ಕುರಾನಿನ ಸೂರಾ ಅಲ್-ಮುಲ್ಕ್‌ನಿಂದ. ಎಲ್ಲ ಒಡೆತನ ದೇವರದ್ದು ಎನ್ನುವ ಅಧ್ಯಾಯ ಅದು. ಒಬ್ಬ ಮನುಷ್ಯ ಇನ್ನೊಬ್ಬನ ಒಡೆಯನಾಗಿದ್ದ ಊರಲ್ಲಿ ಆ ಮಾತನ್ನೇ ಮೊದಲು ಬರೆದದ್ದು ಸುಮ್ಮನೆ ಇರಲಾರದು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಗುಲಾಮಗಿರಿ ಕೊನೆಗಾಣುವ ಮುನ್ನವೇ ಅವನು ತೀರಿಕೊಂಡ. 2019ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಸ್ತಪ್ರತಿಯನ್ನು ಅಂತರ್ಜಾಲಕ್ಕೆ ಹಾಕಿತು. ಈಗ ಯಾವ ಶಾಲೆಯ ಮಕ್ಕಳೂ ಅದನ್ನು ತೆರೆದು ನೋಡಬಹುದು. ಇದನ್ನು ನೋಡಿದ ಮಗುವಿಗೆ, ಬಂದವರು ಬರಿಗೈಯ, ಓದು ಬಾರದ 'ಕೆಲಸಗಾರರು' ಅಂತ ನಂಬಿಸುವುದು ಸುಲಭವಲ್ಲ.

ಆದರೆ ಅದೇ ಪುಟಗಳಲ್ಲಿ ಉಮರ್ ತನ್ನ ನಂತರದ ಯಜಮಾನನನ್ನು ಹೊಗಳಿದ್ದಾನೆ. ಮೊದಲು ಮುಸ್ಲಿಮನಾಗಿ ಪ್ರಾರ್ಥಿಸುತ್ತಿದ್ದೆ, ಈಗ ಯೇಸುವಿನ ಹೆಸರಲ್ಲಿ ಪ್ರಾರ್ಥಿಸುತ್ತೇನೆ ಎಂಬರ್ಥದ ಮಾತೂ ಇದೆ. ಅದು ಮನಸಾರೆ ಬಂದದ್ದೋ, ಯಜಮಾನ ಓದಿಸಿಯಾನು ಎಂಬ ಭಯದಿಂದಲೋ? ಒಳ್ಳೆಯ ಇತಿಹಾಸದ ಮೇಷ್ಟ್ರು ಈ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡುತ್ತಾರೆ, ಉತ್ತರವನ್ನು ಬಾಯಿಪಾಠ ಮಾಡಿಸುವುದಿಲ್ಲ.

ನಮಗೂ ಇದು ಸಲ್ಲುತ್ತದೆ. ಪಠ್ಯದಿಂದ ನಮ್ಮ ಹೆಸರು ಬಿಟ್ಟುಹೋದರೆ ನೋವಾಗುತ್ತದೆ, ಕೇಳಲೇಬೇಕು. ಹಾಗಂತ ಉಮರ್‌ನ ಕತೆಯಲ್ಲಿ ಸೂರಾವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮರೆಮಾಡಿದರೆ, ಗುಲಾಮನನ್ನು ಕೆಲಸಗಾರ ಎಂದವರಿಗೂ ನಮಗೂ ಏನು ವ್ಯತ್ಯಾಸ? 15 ಪುಟವನ್ನೂ ಓದುವ ಧೈರ್ಯ ನಮ್ಮ ಮಕ್ಕಳಿಗೆ ಬರಲಿ.