ಏರಿ ಒಡೆಯುವ ಮುನ್ನ: ಕೆರೆ ಪ್ರವಾಹದ ಮುನ್ನೆಚ್ಚರಿಕೆ ನಡೆದುಬಂದ ದಾರಿ

ಕೆರೆಯಿಂದ ಪ್ರವಾಹ ಎರಡು ಬಗೆಯಲ್ಲಿ ಬರುತ್ತದೆ. ಮಳೆ ಹೆಚ್ಚಾಗಿ ಕೋಡಿ ಬಿದ್ದು, ರಾಜಕಾಲುವೆ ಉಕ್ಕಿ ತಗ್ಗಿನ ಬಡಾವಣೆಗೆ ನುಗ್ಗುವುದು ಒಂದು. ಏರಿಯೇ ಒಡೆದು ಕೆರೆ ಒಮ್ಮೆಲೇ ಬರಿದಾಗುವುದು ಇನ್ನೊಂದು. ಮೊದಲನೆಯದನ್ನು ಅಳೆಯಲು ಬೆಂಗಳೂರು ಸಾಕಷ್ಟು ಕಲಿತಿದೆ. ಎರಡನೆಯದರ ಮೇಲೆ ಹಿಂದೆ ಇದ್ದಷ್ಟು ಕಣ್ಣೂ ಈಗ ಇಲ್ಲ.

ಹಿಂದೆ ಆ ಕಣ್ಣು ನೀರುಗಂಟಿಯದಾಗಿತ್ತು. ತೂಬು ಎತ್ತಿ ಗದ್ದೆಗೆ ನೀರು ಬಿಡುವವನೇ ಮಳೆಗಾಲದಲ್ಲಿ ಏರಿಯ ಮೇಲೆ ನಡೆದು ಹೆಗ್ಗಣದ ಬಿಲ, ಬಿರುಕು, ಜಿನುಗು ನೋಡುತ್ತಿದ್ದ. ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಭೂಮಿ ಬಿಟ್ಟುಕೊಟ್ಟ ಕಟ್ಟುಕೊಡಗೆ, ಕೆರೆಗೊಡಗೆಗಳ ಉಲ್ಲೇಖ ಕನ್ನಡ ಶಾಸನಗಳಲ್ಲಿ ಹೇರಳವಾಗಿದೆ. ಅಂದರೆ ಕಾವಲಿಗೆ ಸಂಬಳದ ಏರ್ಪಾಡೂ ಇತ್ತು. ಸಾರಕ್ಕಿ, ಪುಟ್ಟೇನಹಳ್ಳಿಯ ಸುತ್ತಲ ಹೊಲಗದ್ದೆಗಳು ಜೆ.ಪಿ. ನಗರವಾದಾಗ ಅಚ್ಚುಕಟ್ಟಿನ ಜೊತೆಗೆ ಈ ಕೆಲಸವೂ ಹೋಯಿತು. ಸುಮಾರು 82 ಎಕರೆಯ ಸಾರಕ್ಕಿ ಕೆರೆಯಲ್ಲಿ 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ತೆರವು ಮಾಡಿದ ಒತ್ತುವರಿಯೇ 30 ಎಕರೆ ಮೀರಿತ್ತು. ಕಾಯುವವರಿಲ್ಲದ ಕೆರೆಗೆ ಆಗುವುದು ಇದೇ.

ಯಂತ್ರದ ಕಾವಲು ಶುರುವಾದದ್ದು ನೀರು ಹೆಚ್ಚಾದದ್ದಕ್ಕಲ್ಲ, ಇಲ್ಲದ್ದಕ್ಕೆ. 1988ರಲ್ಲಿ ರಾಜ್ಯ ಸರ್ಕಾರ ಬರ ಪರಿವೀಕ್ಷಣಾ ಕೋಶವನ್ನು ಸ್ಥಾಪಿಸಿತು. ಅದೇ 2007ರಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಯಲಹಂಕದ ಈ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಹಾಕಿಸಿದ್ದು ಬೇರೆ ರಾಜ್ಯಗಳು ಬಂದು ನೋಡುವಂಥ ಕೆಲಸ. ಬಿಸಿಲಿನಿಂದ ವಿದ್ಯುತ್ ಪಡೆಯುವ ಈ ಮಾಪಕಗಳು ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ.

ನಗರದಲ್ಲಿ ಮಳೆಯ ಲೆಕ್ಕವೊಂದೇ ಸಾಲದು. ಬೆಂಗಳೂರು ದಿಬ್ಬದ ಮೇಲಿನ ಊರು. ಹೆಬ್ಬಾಳ, ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಿಗೆ ನೀರು ಹರಿದುಹೋಗುತ್ತದೆ. ಕಾಂಕ್ರೀಟಿನ ಮೇಲೆ ಅದು ಓಡುವ ವೇಗಕ್ಕೆ ಜನ ಎಚ್ಚೆತ್ತುಕೊಳ್ಳಲು ಗಂಟೆಯೂ ಸಿಗದಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪಿ.ಪಿ. ಮುಜುಂದಾರ್ ಅವರ ತಂಡ ಈ ಓಟದ ಗಣಿತ ಮಾದರಿಯನ್ನು ರೂಪಿಸಿತು. ರಾಜಕಾಲುವೆಗಳ ಮೇಲೆ ಮಟ್ಟಮಾಪಕಗಳು ಬಂದವು. 2020ರಲ್ಲಿ ಉಸ್ತುವಾರಿ ಕೇಂದ್ರ ಮತ್ತು ಸಂಸ್ಥೆ ಸೇರಿ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್ ಹೊರತಂದವು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆಯ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು ಎನ್ನುವುದನ್ನೂ ಜೊತೆಗೇ ಹೇಳಬೇಕು. ಎಚ್ಚರಿಕೆ ಕಾಲುವೆಯನ್ನು ಅಗಲ ಮಾಡುವುದಿಲ್ಲ.

ಈ ಜಾಲದ ಕಣ್ಣಿಗೆ ಬೀಳದ್ದು 2019ರ ನವೆಂಬರ್ 24ರಂದು ನಡೆಯಿತು. ಅಂದು ಭಾನುವಾರ. ಬನ್ನೇರುಘಟ್ಟ ರಸ್ತೆಯ ಪಕ್ಕದ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಕಾರಣ ಮಳೆಯಲ್ಲ, ಏರಿಯನ್ನು ಅಗೆದದ್ದು. ಅದೇ ತಿಂಗಳು ಹೊಸಕೆರೆಹಳ್ಳಿ ಕೆರೆಯ ಏರಿಯೂ ಒಡೆದಿತ್ತು. ಮಳೆಮಾಪಕ ಎಷ್ಟೇ ನಿಖರವಾಗಿದ್ದರೂ ಹಾರೆ, ಜೆಸಿಬಿಗಳನ್ನು ಅಳೆಯಲಾರದು.

ಹಿಮಾಲಯದಲ್ಲೂ ತೊಡಕು ಇದೇ. ಹಿಮನದಿ ಕರಗಿ ಉಂಟಾದ ಸರೋವರಕ್ಕೆ ಕಲ್ಲುಮಣ್ಣಿನ ಗುಡ್ಡೆಯೇ ಏರಿ; ಅದಕ್ಕೆ ಕೋಡಿ ಕಟ್ಟಿದವರಿಲ್ಲ. ನೇಪಾಳದ ತ್ಸೋ ರೋಲ್ಪಾ ಸರೋವರದ ಕೆಳಗಿನ ಹಳ್ಳಿಗಳಲ್ಲಿ 1998ರಲ್ಲಿ ಸೈರನ್‌ಗಳನ್ನು ನಿಲ್ಲಿಸಲಾಯಿತು. ಕೆಲವೇ ವರ್ಷಗಳಲ್ಲಿ ಅವು ಕೆಟ್ಟು ಕೂತವು. ಸರೋವರದ ಮಟ್ಟವನ್ನೇ ಸುಮಾರು 3 ಮೀಟರ್ ಇಳಿಸಿದ ಕಾಮಗಾರಿ ಹೆಚ್ಚು ಬಾಳಿಕೆಯದಾಯಿತು. ಸಿಕ್ಕಿಂನ ದಕ್ಷಿಣ ಲೋನಾಕ್ ಸರೋವರದ ಅಪಾಯವನ್ನು 2021ರಲ್ಲೇ ಸಂಶೋಧಕರು ಲೆಕ್ಕಹಾಕಿ ಪ್ರಕಟಿಸಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕ್ಯಾಮೆರಾ, ಹವಾಮಾನ ಮಾಪಕ ಇಟ್ಟರು. ಎಚ್ಚರಿಕೆಯ ವ್ಯವಸ್ಥೆ ಪೂರ್ತಿಯಾಗಿರಲಿಲ್ಲ. ಅಕ್ಟೋಬರ್ 3ರ ರಾತ್ರಿ ದಂಡೆಯ ಗುಡ್ಡೆ ಕುಸಿದು ಸರೋವರಕ್ಕೆ ಬಿತ್ತು, ಅಲೆ ಎದ್ದು ಕಟ್ಟೆ ಒಡೆಯಿತು. ಇಸ್ರೋ ಉಪಗ್ರಹ ಚಿತ್ರಗಳಲ್ಲಿ ಸುಮಾರು 167 ಹೆಕ್ಟೇರ್ ಇದ್ದ ಸರೋವರ 60ಕ್ಕೆ ಇಳಿದಿತ್ತು. ಚುಂಗ್‌ಥಾಂಗ್‌ನ ತೀಸ್ತಾ-3 ಅಣೆಕಟ್ಟು ಕೊಚ್ಚಿಹೋಯಿತು.

ಅಣೆಕಟ್ಟು ಸುರಕ್ಷತೆಗೆ 2021ರಲ್ಲಿ ಕೇಂದ್ರ ಕಾಯಿದೆ ಬಂದಿದೆ. ಅದು 15 ಮೀಟರಿಗಿಂತ ಎತ್ತರದ, ಕೆಲವು ಷರತ್ತಿಗೆ ಒಳಪಟ್ಟು 10 ಮೀಟರ್ ದಾಟಿದ ಕಟ್ಟೆಗಳಿಗೆ ಅನ್ವಯ. ಬೆಂಗಳೂರಿನ ಕೆರೆ ಏರಿಗಳು ಬಹುಮಟ್ಟಿಗೆ ಈ ಅಳತೆಗೆ ಸಿಗುವುದಿಲ್ಲ. ಆದರೆ ಅವುಗಳ ಬುಡದಲ್ಲೇ ಮನೆಗಳಿವೆ. ಏರಿಯ ಬುಡದಲ್ಲಿ ತಿಳಿನೀರು ಜಿನುಗುತ್ತಿದ್ದರೆ ದಿನವೂ ಗಮನವಿಡಬೇಕು. ಕೆಸರುನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ. ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳ ಸುತ್ತ ಬೆಳಿಗ್ಗೆ ವಾಕಿಂಗ್ ಹೋಗುವವರು ಅದನ್ನು ಕಂಡರೆ ಕೂಡಲೇ ಪಾಲಿಕೆಗೆ ತಿಳಿಸಲಿ.