ಬೀಸುವ ಕಲ್ಲಿನವರೆಗೆ ಬಂದ ಸೂಫಿ ಸಾಹಿತ್ಯ

ಇಸ್ಲಾಮಿನ ಅನುಭಾವ ಸಾಹಿತ್ಯವನ್ನು ಗ್ರಂಥಗಳ ಪಟ್ಟಿಯಂತೆ ಓದಿದರೆ ಅದರ ಜೀವ ಕೈಗೆ ಸಿಗುವುದಿಲ್ಲ. ಮೊದಲಿನಿಂದಲೂ ಅದು ಕಿವಿಯ ಸಾಹಿತ್ಯ. ಕುರಾನನ್ನು ಇಂದಿಗೂ ದನಿಯೆತ್ತಿ ಪಠಿಸುತ್ತಾರೆ; ಪೂರ್ತಿ ಬಾಯಿಪಾಠ ಮಾಡಿದ ಹಾಫಿಜರಿಗೆ ಊರಿನಲ್ಲಿ ವಿಶೇಷ ಗೌರವವಿದೆ. ನರಕದ ಭಯ, ಸ್ವರ್ಗದ ಆಸೆ ಎರಡನ್ನೂ ಬಿಟ್ಟು ದೇವರಿಗೆ ಒಲಿದ ಬಸ್ರಾದ ರಾಬಿಯಾ ನಮಗೆ ತಲುಪಿದ್ದು ಬೇರೆಯವರು ನೆನೆದು ಹೇಳಿದ ಮಾತುಗಳಲ್ಲಿ. 922ರಲ್ಲಿ ಬಾಗ್ದಾದಿನಲ್ಲಿ ಸೂಫಿ ಸಾಧಕ ಹಲ್ಲಾಜನನ್ನು ಕೊಂದ ಮೇಲೆ, ಸೂಫಿ ದಾರಿ ಇಸ್ಲಾಮಿನ ಧರ್ಮನಿಯಮವಾದ ಶರೀಅತ್ತಿಗೆ ಎದುರಲ್ಲವೆಂದು ತೋರಿಸುವ ಹೊಣೆ ಬರೆಯುವವರ ಮೇಲೆ ಬಿತ್ತು. ಖುಶೈರಿ ಅರಬ್ಬಿಯಲ್ಲಿ, ಲಾಹೋರಿನ ಹುಜ್ವೀರಿ ಪಾರಸಿಯಲ್ಲಿ ಸಾಧಕರಿಗಾಗಿ ಗ್ರಂಥ ಬರೆದರು. 1111ರಲ್ಲಿ ತೀರಿಕೊಂಡ ಗಝಾಲಿ ಆ ವಾದಕ್ಕೆ ಪಾಂಡಿತ್ಯದ ಬಲ ತುಂಬಿದರು. ಆಮೇಲಿನದು ಅತ್ತಾರ್, ರೂಮಿಯರ ಪಾರಸಿ ಕಾವ್ಯದ ಕಾಲ.

ಭಾರತದಲ್ಲಿ ಇದಕ್ಕೆ ಹೊಸ ರೂಪವೊಂದು ಗಟ್ಟಿಯಾಯಿತು. ದೆಹಲಿಯ ನಿಜಾಮುದ್ದೀನ್ ಔಲಿಯಾ ಶಿಷ್ಯರೊಡನೆ ಆಡಿದ ಮಾತುಗಳನ್ನು ಕವಿ ಹಸನ್ ಸಿಜ್ಜಿ 1308ರಿಂದ 1322ರವರೆಗೆ ಬರೆದಿಟ್ಟ. ಇಂಥ ಸಂಗ್ರಹವೇ ಮಲ್ಫೂಜಾತ್. ಯಾರೋ ಬಂದು ಕೂತರು, ಏನೋ ಕೇಳಿದರು, ಗುರು ಒಂದು ಕತೆ ಹೇಳಿದರು ಎಂಬ ಧಾಟಿ. ನನಗೆ ಇದು ಸಿದ್ಧಾಂತ ಗ್ರಂಥಗಳಿಗಿಂತ ಹೆಚ್ಚು ಆಪ್ತ. ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟ ಖ್ವಾಜಾ ಬಂದೇ ನವಾಜರು ಈ ಪರಂಪರೆಯನ್ನು ಕಲಬುರಗಿಗೆ ತಂದರು. ಅವರ ಮಾತುಗಳನ್ನು ಮಗನೇ ಸಂಗ್ರಹಿಸಿದ. ದಖ್ಖನ್ನಿನ ಆಡುಮಾತಾದ ದಖನಿಯ ‘ಮಿಅರಾಜುಲ್ ಆಶಿಖೀನ್’ ಅವರದೇ ಎಂದು ಬಹುಕಾಲ ನಂಬಲಾಗಿತ್ತು. ಅದು ತೀರ ಈಚಿನದೆಂಬ ವಿದ್ವಾಂಸರ ವಾದವೇ ನನಗೆ ಸರಿ ಎನಿಸುತ್ತದೆ.

ದಖನಿಗೆ ನಿಜವಾದ ಕಸುವು ಬಂದದ್ದು ವಿಜಯಪುರದಲ್ಲಿ. ಊರ ಹೊರಗಿನ ಶಾಹಪುರ ದಿಬ್ಬದಲ್ಲಿ ನೆಲೆಸಿದ ಸೂಫಿ ಮೀರಾಂಜಿ, ಅರಬ್ಬಿ–ಪಾರಸಿ ತಿಳಿಯದ ಜನರಿಗಾಗಿಯೇ ಆಡುಮಾತಿನಲ್ಲಿ ಬರೆದರು. ಅವರ ‘ಖುಷ್ ನಾಮಾ’ದ ನಡುವೆ ಇರುವುದು ಪರಮಾರ್ಥಕ್ಕೆ ಹಂಬಲಿಸುವ ಒಬ್ಬ ಹುಡುಗಿ. ಮಗ ಬುರ್ಹಾನುದ್ದೀನ್ ಜಾನಂ 1582ರಲ್ಲಿ ‘ಇರ್ಶಾದ್ ನಾಮಾ’ ರಚಿಸಿದರು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಚಕ್ಕಿ ನಾಮಾಗಳು. ಜೋಳವೋ ಗೋಧಿಯೋ ಬೀಸುತ್ತ ಹೆಂಗಸರು ಹಾಡುತ್ತಿದ್ದ ಪದಗಳಿವು. ಕಲ್ಲಿನ ಹಿಡಿಗೂಟ ಅಲ್ಲಾಹನನ್ನು ನೆನಪಿಸುವ ಅಲಿಫ್ ಅಕ್ಷರವಾಗುತ್ತದೆ, ನಡುಗೂಟ ಪ್ರವಾದಿಯಾಗುತ್ತದೆ. ಕಲ್ಲು ತಿರುಗಿದ ಹಾಗೆ ಜಿಕ್ರ್, ಅಂದರೆ ದೇವರ ನಾಮಸ್ಮರಣೆ, ಸಾಗುತ್ತದೆ. ನೂಲುವಾಗ ಹಾಡಲು ಚರಖಾ ನಾಮಾ, ಮಗುವನ್ನು ಮಲಗಿಸಲು ಲೋರಿ. 1978ರಲ್ಲಿ ಬಂದ ರಿಚರ್ಡ್ ಈಟನ್ ಅವರ ವಿಜಯಪುರದ ಸೂಫಿಗಳ ಅಧ್ಯಯನ, ದಖ್ಖನ್ನಿನ ಹಳ್ಳಿಗಳಲ್ಲಿ ಸೂಫಿ ವಿಚಾರ ಹಬ್ಬಿದ್ದು ಮುಖ್ಯವಾಗಿ ಈ ಹೆಂಗಸರ ಬಾಯಿಂದ ಎಂದು ವಾದಿಸಿತು. ಬೀಸುವ ಪದಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದನ್ನು ಒಪ್ಪುವುದು ಕಷ್ಟವಲ್ಲ.

ಯಾದಗಿರಿ ಸೀಮೆಯ ಗೋಗಿಯಲ್ಲಿ ಮಹಮೂದ್ ಬಹ್ರಿ 1700ರ ಹೊತ್ತಿಗೆ ದಖನಿಯಲ್ಲೇ ‘ಮನ್ ಲಗನ್’ ಕಾವ್ಯ ಬರೆದ. ಮುಂದೆ ಶಿಶುನಾಳ ಶರೀಫರು (1819–1889) ಬ್ರಾಹ್ಮಣ ಗುರು ಗೋವಿಂದಭಟ್ಟರಿಂದ ಉಪದೇಶ ಪಡೆದು ಕನ್ನಡದಲ್ಲೇ ತತ್ವಪದ ಹಾಡಿದರು. ನಮ್ಮ ಸಾಹಿತ್ಯ ಚರಿತ್ರೆಗಳು ಶರೀಫರನ್ನು ವಚನದ ಬೆಳಕಿನಲ್ಲಿ ನೋಡುವಷ್ಟು ದಖನಿಯ ಪಕ್ಕದಲ್ಲಿಟ್ಟು ನೋಡುವುದಿಲ್ಲ. ಇದು ದೊಡ್ಡ ಕೊರತೆ. ರಹಮತ್ ತರೀಕೆರೆ ‘ಕರ್ನಾಟಕದ ಸೂಫಿಗಳು’ ಕೃತಿಗಾಗಿ ದರ್ಗಾಗಳಿಗೂ ಹಾಡುವವರ ಬಳಿಗೂ ಹೋಗಿ ಆ ಕೆಲಸಕ್ಕೆ ದಾರಿ ತೆರೆದರು. ಉತ್ತರ ಕರ್ನಾಟಕದ ಮೊಹರಂ ಪದಗಳೂ ಇದೇ ಓದಿಗೆ ಸೇರಬೇಕು. ಅವನ್ನು ಹಿಂದೂಗಳೇ ಕಟ್ಟಿ ಹಾಡುವ ಊರುಗಳಿವೆ.