ಅಣ್ಣನ ಹರಳು, ತಮ್ಮನ ಲೆಕ್ಕ

ಬೆಂಗಳೂರಲ್ಲಿದ್ದೀರಿ ಅಂದ್ಮೇಲೆ ಮೇಖ್ರಿ ಸರ್ಕಲ್ ಟ್ರಾಫಿಕ್‌ನಲ್ಲಿ ಒಮ್ಮೆಯಾದರೂ ಸಿಕ್ಕಿಕೊಂಡಿರ್ತೀರಿ. ಅಲ್ಲಿಗೆ ಹತ್ತಿರದಲ್ಲೇ ರಾಮನ್ ಸಂಶೋಧನಾ ಸಂಸ್ಥೆ ಇದೆ. 1956ರಲ್ಲಿ ಅಲ್ಲಿದ್ದ 22 ವರ್ಷದ ಯುವಕರೊಬ್ಬರು ಬರೆದಿಟ್ಟ ಲೆಕ್ಕ ಇವತ್ತು ಲೇಸರ್ ಕಿರಣಕ್ಕೆ ಬೇಕಾದ ಆಕಾರ ಕೊಡೋಕೆ ಬಳಕೆಯಾಗ್ತಿದೆ. ತಮಾಷೆ ಏನಂದ್ರೆ, ಆಗ ಲೇಸರ್ ಇನ್ನೂ ಹುಟ್ಟೇ ಇರಲಿಲ್ಲ. ಅದು ಬಂದದ್ದು 1960ರಲ್ಲಿ. ಆ ಯುವಕರ ಹೆಸರು ಎಸ್. ಪಂಚರತ್ನಂ, ಸಿ.ವಿ. ರಾಮನ್ ಅವರ ಸೋದರಳಿಯ.

ಲೇಸರ್‌ಗೆ ಯಾಕಪ್ಪಾ ಆಕಾರ ಅಂತೀರಾ? ಸಾಮಾನ್ಯ ಲೇಸರ್ ಕಿರಣ ನಡುವೆ ಪ್ರಖರ, ಅಂಚಿಗೆ ಹೋದಂತೆ ಮಂಕು. ಒಂದು ಕೆಲಸಕ್ಕೆ ಎಲ್ಲೆಡೆ ಸಮನಾದ ಬೆಳಕು ಬೇಕು, ಇನ್ನೊಂದಕ್ಕೆ ಉಂಗುರದಂಥ ಬೆಳಕು ಬೇಕು. ಹಾಗೆ ಬದಲಿಸಬೇಕಾದರೆ ಕಿರಣದ ಒಂದೊಂದು ಭಾಗದ ಅಲೆಯನ್ನು ಒಂದೊಂದು ಅಳತೆಯಲ್ಲಿ ಹಿಂದೆಮುಂದೆ ಮಾಡಬೇಕು. ಅಲೆ ತನ್ನ ಏರಿಳಿತದಲ್ಲಿ ಈಗ ಎಲ್ಲಿದೆ ಅನ್ನೋದಕ್ಕೆ ಫೇಸ್ ಅಂತ ಹೆಸರು. ಹೊಲೊಗ್ರಾಮ್ ಅಂದರೆ ಆ ಫೇಸ್‌ಗಳ ನಕ್ಷೆ.

1948ರಲ್ಲಿ ಡೆನಿಸ್ ಗೇಬರ್ ಹೊಲೊಗ್ರಾಮ್ ಕಲ್ಪನೆ ಕೊಟ್ಟಾಗ ಎದುರಿಗೊಂದು ವಸ್ತು ಇರಲೇಬೇಕಿತ್ತು. 1966ರಲ್ಲಿ ಐಬಿಎಂನ ಬ್ರೌನ್ ಮತ್ತು ಲೋಮನ್ ಆ ವಸ್ತುವನ್ನೇ ಕೈಬಿಟ್ಟರು. ನಕ್ಷೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ಪ್ಲಾಟರ್‌ನಲ್ಲಿ ಬರೆಸಿ, ಫೋಟೋ ತೆಗೆದು ಚಿಕ್ಕದು ಮಾಡಿದರೆ ಮುಗೀತು.

1992ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಇಂಥ ಕಂಪ್ಯೂಟರ್ ಹೊಲೊಗ್ರಾಮ್‌ನಿಂದ ಬೆಳಕಲ್ಲಿ ಸುಳಿ ಎಬ್ಬಿಸಿದರು. ಒತ್ತೊತ್ತಾಗಿರೋ ಗೆರೆಗಳ ನಡುವೆ ಒಂದು ಗೆರೆ ಕವಲೊಡೆದು ಎರಡಾಗುತ್ತೆ, ಅಷ್ಟೇ. ದಾವಣಗೆರೆಯ ದೇವರಾಜ ಅರಸು ಬಡಾವಣೆಯವನಾದ ನನಗೆ ಸುಳಿ ಅಂದರೆ ಹರಿಹರದ ಹೊಳೆಯೇ. ಮಳೆಗಾಲದಲ್ಲಿ ನೀರು ತಿರುಗ್ತಾ ತಿರುಗ್ತಾ ನಡುವೆ ಗುಂಡಿ ಬೀಳುತ್ತಲ್ಲ, ಹಾಗೇ ಬೆಳಕಿನ ಸುಳಿಯಲ್ಲೂ ನಡುವೆ ಕತ್ತಲು, ಸುತ್ತ ಉಂಗುರ.

ಆಕಾರ ಕೊಡೋ ನಕ್ಷೆಯೇ ಅಳೆಯೋಕೂ ಬರುತ್ತೆ. ಯಾವುದೋ ಗೊತ್ತಿಲ್ಲದ ಕಿರಣವನ್ನು ಅದರ ಮೂಲಕ ಹಾಯಿಸಿ. ಕಿರಣದ ತಿರುವಿಗೆ ನಕ್ಷೆಯ ತಿರುವು ಸರಿಯಾಗಿ ಎದುರಾದರೆ ಸುಳಿ ಬಿಚ್ಚಿಕೊಂಡು ನಡುವೆ ಬೆಳಕಿನ ಚುಕ್ಕೆ ಮೂಡುತ್ತೆ. ಇಲ್ಲದಿದ್ದರೆ ನಡು ಕತ್ತಲಾಗೇ ಉಳಿಯುತ್ತೆ. ನಕ್ಷೆ ಬದಲಿಸ್ತಾ ಆ ಚುಕ್ಕೆಯ ಪ್ರಖರತೆ ಅಳೆದರೆ ಕಿರಣದಲ್ಲಿ ಯಾವ ಆಕಾರ ಎಷ್ಟು ಪಾಲು ಬೆರೆತಿದೆ ಅಂತ ಗೊತ್ತಾಗುತ್ತೆ.

ಇನ್ನು ಪಂಚರತ್ನಂ ಅವರ ಲೆಕ್ಕಕ್ಕೆ ಬರೋಣ. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ತೂಗುತ್ತೆ ಅನ್ನೋದು ಧ್ರುವೀಕರಣ. ಪೋಲರಾಯ್ಡ್ ಕನ್ನಡಕ ಸೋಸೋದು ಅದನ್ನೇ. ಬೇರೆ ಬೇರೆ ಧ್ರುವೀಕರಣದ ಎರಡು ಕಿರಣಗಳ ಫೇಸ್ ಹೋಲಿಸೋದು ಹೇಗೆ? ಹರಳುಗಳಲ್ಲಿ ಬೆಳಕಿನ ಆಟ ನೋಡ್ತಿದ್ದ ಪಂಚರತ್ನಂ ಸರಳ ನಿಯಮ ಕೊಟ್ಟರು: ಎರಡನ್ನೂ ಕೂಡಿಸಿ, ಅತಿ ಹೆಚ್ಚು ಬೆಳಕು ಬಂದಾಗ ಅವೆರಡರ ಹೆಜ್ಜೆ ಕೂಡಿದೆ ಅನ್ನಿ. ಅಚ್ಚರಿ ಇರೋದು ಮುಂದೆ. ಸೋಮನ ಹೆಜ್ಜೆಗೆ ಭೀಮ ಕೂಡಬಹುದು, ಭೀಮನ ಹೆಜ್ಜೆಗೆ ಶಾಮ ಕೂಡಬಹುದು, ಆದರೆ ಶಾಮ ಸೋಮನ ಹೆಜ್ಜೆಗೆ ಕೂಡಲೇಬೇಕು ಅಂತೇನಿಲ್ಲ! ಧ್ರುವೀಕರಣಗಳನ್ನೆಲ್ಲ ಒಂದು ಗೋಳದ ಮೇಲೆ ಚುಕ್ಕೆಗಳಾಗಿ ಗುರುತಿಸಿದರೆ, ಈ ಮೂವರು ಮಾಡೋ ತ್ರಿಕೋನ ಗೋಳದ ನಡುವಿನಲ್ಲಿ ರಚಿಸುವ ಘನಕೋನದ ಅರ್ಧದಷ್ಟು ವ್ಯತ್ಯಾಸ ಉಳಿಯುತ್ತೆ.

ಈ ಪ್ರಬಂಧ ಸುಮಾರು 30 ವರ್ಷ ಹೆಚ್ಚಿನವರ ಗಮನಕ್ಕೆ ಬರದೆ ಕೂತಿತ್ತು. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರಿ ಕ್ವಾಂಟಮ್ ಲೋಕದಲ್ಲಿ ಇಂಥದ್ದೇ ಫೇಸ್ ತೋರಿಸಿ ಹೆಸರಾದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ, ‘ಇದರ ಮೊದಲ ಉದಾಹರಣೆ ಪಂಚರತ್ನಂ ಅವರಲ್ಲೇ ಇದೆ’ ಅಂತ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದರು. ಮರುವರ್ಷ ಬೆರಿಯೇ ಪಂಚರತ್ನಂ ಬಗ್ಗೆ ಪ್ರಬಂಧ ಬರೆದರು. 1988ರಲ್ಲಿ ಅದೇ ರಾಮನ್ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಲೇಸರ್ ಹಚ್ಚಿ ಆ ಫೇಸನ್ನು ಅಳೆದರು.

2002ರಲ್ಲಿ ಇಸ್ರೇಲಿನ ಟೆಕ್ನಿಯಾನ್‌ನವರು ಎರಡೂ ದಾರಿಗಳನ್ನು ಕೂಡಿಸಿದರು. ಬೆಳಕಿನ ಅಲೆಗಿಂತ ಸಣ್ಣ ಗೆರೆಗಳು, ಕಂಪ್ಯೂಟರ್ ಹಾಕಿಕೊಟ್ಟ ವಿನ್ಯಾಸ. ಒಂದೊಂದು ಜಾಗದಲ್ಲಿ ಗೆರೆ ಎಷ್ಟು ವಾಲಿದೆ ಅನ್ನೋದೇ ಅಲ್ಲಿಯ ಫೇಸ್ ನಿರ್ಧರಿಸುತ್ತೆ. 2006ರಲ್ಲಿ ಇಟಲಿಯ ನೇಪಲ್ಸ್‌ನ ತಂಡ ಗೆರೆಗಳ ಬದಲು ಲಿಕ್ವಿಡ್ ಕ್ರಿಸ್ಟಲ್, ಅಂದರೆ ದ್ರವಹರಳು ಬಳಸಿ ಬೆಳಕಿನ ಸುಳಿ ಎಬ್ಬಿಸಿತು.

ಈ ದ್ರವಹರಳಿಗೂ ಅದೇ ಮನೆಯ ನಂಟಿದೆ. ಪಂಚರತ್ನಂ ಅವರ ಅಣ್ಣ ಎಸ್. ಚಂದ್ರಶೇಖರ್ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ, ಆಮೇಲೆ ರಾಮನ್ ಸಂಸ್ಥೆಯಲ್ಲಿ ದ್ರವಹರಳಿನ ಅಧ್ಯಯನ ಕಟ್ಟಿ ಬೆಳೆಸಿದವರು. ತಟ್ಟೆಯಾಕಾರದ ಅಣುಗಳೂ ದ್ರವಹರಳಾಗಬಲ್ಲವು ಅಂತ 1977ರಲ್ಲಿ ಜೊತೆಗಾರರೊಂದಿಗೆ ತೋರಿಸಿದವರೂ ಅವರೇ. 1960ರ ದಶಕದ ಆರಂಭದಲ್ಲಿ ತಮ್ಮನೂ ಮೈಸೂರಿನಲ್ಲಿ ಪಾಠ ಮಾಡ್ತಿದ್ದರು. ಇವತ್ತು ಅಣ್ಣ ಅಧ್ಯಯನ ಮಾಡಿದ ಬಗೆಯ ವಸ್ತುವಿನಲ್ಲಿ ತಮ್ಮನ ಲೆಕ್ಕ ಬರೆದು ಕಿರಣ ತಿದ್ದುತ್ತಾರೆ.

ನಮ್ಮ ಆಫೀಸುಗಳಲ್ಲಿ ಯಾವ ಹೊಸ ವಿಚಾರ ಹೇಳಿದರೂ ಮೊದಲು ಬರೋ ಪ್ರಶ್ನೆ ‘ಯೂಸ್ ಕೇಸ್ ಏನು?’ 1956ರಲ್ಲಿ ಯಾರಾದರೂ ಇದನ್ನೇ ಕೇಳಿದ್ದರೆ ಪಂಚರತ್ನಂ ಲೇಸರ್ ಅನ್ನೋ ಪದವನ್ನೂ ಹೇಳೋಕಾಗ್ತಿರಲಿಲ್ಲ. 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಬೆರಿಯ ಪ್ರಬಂಧ ಬರೋಕೆ ಇನ್ನೂ 15 ವರ್ಷವಿತ್ತು. ಇವತ್ತು ಈ ಫೇಸನ್ನು ಪಂಚರತ್ನಂ–ಬೆರಿ ಅಂತಲೇ ಬರೀತಾರೆ. ಮೊದಲ ಹೆಸರು ಬೆಂಗಳೂರಿನದು.